ಮೊದಲ ಪ್ರಶ್ನೆಯೇ ಅರ್ಧ ತೀರ್ಪು

ಮೇಜಿನ ಮೇಲೆ ಎರಡು ಡಜನ್‌ನಷ್ಟು ಕೋಳಿಮೊಟ್ಟೆ, ಅವುಗಳ ನಡುವೆ ಒಂದೇ ಒಂದು ಅಕ್ರೋಟು. ನಿರೂಪಕ ಮಾತು ಶುರು ಮಾಡುತ್ತಾನೆ. ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸುವ ಸಂಸ್ಥೆಗಳು ಎರಡು ಡಜನ್‌ಗೂ ಹೆಚ್ಚಿವೆ, ಯಾವುದಕ್ಕೆ ಸೇರುತ್ತೀರಿ? ಇವುಗಳಲ್ಲಿ ಕಂಪ್ಯೂಟರಿನ ಮುಂದೆಯೇ ಕೂರಿಸಿ ಕಲಿಸುವ ಸೌಲಭ್ಯ ಎಷ್ಟರಲ್ಲಿದೆ? ಕೆಲವು ಮೊಟ್ಟೆಗಳನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಕಲಿತವರಿಗೆ ಕೆಲಸ ಹುಡುಕಿಕೊಡುವ ವ್ಯವಸ್ಥೆ ಎಷ್ಟರಲ್ಲಿದೆ? ಇನ್ನಷ್ಟು ಮೊಟ್ಟೆಗಳು ಜಾಗ ಖಾಲಿ ಮಾಡುತ್ತವೆ. ನಿವೃತ್ತ ಸೈನಿಕರಿಗೆ ಸಿಗುವ ಸರ್ಕಾರಿ ನೆರವು ಎಷ್ಟು ಕಡೆ ಅನ್ವಯಿಸುತ್ತದೆ? ಮತ್ತಷ್ಟು. ಹೀಗೆ ಕೇಳುತ್ತ ಕೇಳುತ್ತ ಕೊನೆಗೆ ಅಕ್ರೋಟು ಒಂದೇ ಉಳಿಯುತ್ತದೆ. ಅದನ್ನು ಒಡೆದರೆ ಒಳಗೆ ಜಾಹೀರಾತು ಕೊಟ್ಟ ಸಂಸ್ಥೆಯ ಹೆಸರು!

ಟಿ.ವಿ.ಯ ಈ ಜಾಹೀರಾತನ್ನು ಮನೋವಿಜ್ಞಾನಿ ಏಮೋಸ್ ಟ್ವರ್ಸ್‌ಕಿ 1972ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಉದಾಹರಣೆಯಾಗಿ ಕೊಟ್ಟರು. ಹಲವು ಆಯ್ಕೆಗಳು ಎದುರಿಗಿದ್ದಾಗ ಮನುಷ್ಯರು ಪ್ರತಿಯೊಂದರ ಗುಣದೋಷವನ್ನೂ ಕೂಡಿ ಕಳೆದು ಲೆಕ್ಕ ಹಾಕುವುದಿಲ್ಲ. ಒಂದು ಗುಣವನ್ನು ಹಿಡಿದು ಅದಿಲ್ಲದವನ್ನೆಲ್ಲ ಹೊರಗೆ ಹಾಕುತ್ತಾರೆ, ಆಮೇಲೆ ಇನ್ನೊಂದು ಗುಣ, ಆಮೇಲೆ ಮತ್ತೊಂದು. ಒಂದೇ ಉಳಿಯಿತೆಂದರೆ ಅಲ್ಲಿಗೆ ನಿಲ್ಲಿಸುತ್ತಾರೆ. ದಾರಿ ಸುಲಭ, ಸಮಯವೂ ಉಳಿಯುತ್ತದೆ. ಆದರೆ ಹೀಗೆ ಉಳಿದದ್ದು ಹೊರಬಿದ್ದವುಗಳಿಗಿಂತ ಮೇಲು ಎನ್ನಲು ಯಾವ ಖಾತ್ರಿಯೂ ಇಲ್ಲ ಎಂದು ಟ್ವರ್ಸ್‌ಕಿ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಮುಂದೆ ಇನ್ನೊಬ್ಬ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಜೊತೆ ಸೇರಿ ಅವರು ಮಾಡಿದ ಕೆಲಸ ಅರ್ಥಶಾಸ್ತ್ರದ ದಿಕ್ಕನ್ನೇ ತಿರುಗಿಸಿತು. ಕಾನಮನ್‌ಗೆ 2002ರಲ್ಲಿ ನೊಬೆಲ್ ಬಂದಾಗ ಟ್ವರ್ಸ್‌ಕಿ ತೀರಿಕೊಂಡು ಆರು ವರ್ಷವಾಗಿತ್ತು.

ಅಕ್ರೋಟು ಗೆದ್ದದ್ದು ಹೇಗೆ? ಪ್ರಶ್ನೆಗಳನ್ನು ಆರಿಸಿದವನೂ ಅವುಗಳನ್ನು ಸಾಲಾಗಿ ಜೋಡಿಸಿದವನೂ ಅಕ್ರೋಟಿನ ಮಾಲೀಕನೇ. ಎಲ್ಲಿ ನಿಲ್ಲಿಸಬೇಕೆಂದೂ ಅವನಿಗೆ ಗೊತ್ತಿತ್ತು. ‘ಇವುಗಳಲ್ಲಿ ಶುಲ್ಕ ಕಡಿಮೆ ಯಾವುದರದು’ ಎಂಬ ಪ್ರಶ್ನೆ ಆ ಸಾಲಿನಲ್ಲಿ ಬಂದಿದ್ದರೆ ಏನಾಗುತ್ತಿತ್ತೋ.

ಇದನ್ನೇ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಒಂದು ಕುಟುಂಬಕ್ಕೆ ಅನ್ವಯಿಸಿ ನೋಡಬಹುದು. ಮೂರು ಮನೆ ಕಣ್ಣಿಗೆ ಬಿದ್ದಿವೆ ಎಂದುಕೊಳ್ಳಿ. ವಿಜಯನಗರದ್ದು ಮೆಟ್ರೊ ಪಕ್ಕ, ಕಾವೇರಿ ನೀರು ಬರುತ್ತದೆ, ಬಾಡಿಗೆ ಮಾತ್ರ 28 ಸಾವಿರ. ನಾಗರಬಾವಿಯದ್ದು 22 ಸಾವಿರ, ಕಾವೇರಿ ನೀರಿದೆ, ಮೆಟ್ರೊ ದೂರ. ಕೆಂಗೇರಿಯದ್ದು 18 ಸಾವಿರ, ಮೆಟ್ರೊ ನಡೆದು ಹೋಗುವಷ್ಟು ಹತ್ತಿರ, ನೀರು ಮಾತ್ರ ಬೋರ್‌ವೆಲ್ಲಿನದ್ದು, ಬೇಸಿಗೆಯಲ್ಲಿ ಟ್ಯಾಂಕರ್. ಕುಟುಂಬದ ಮನಸ್ಸಿನಲ್ಲಿರುವ ಷರತ್ತುಗಳೂ ಮೂರೇ: ಬಾಡಿಗೆ 25 ಸಾವಿರ ಮೀರಬಾರದು, ಕಾವೇರಿ ನೀರು ಇರಬೇಕು, ಮೆಟ್ರೊ ಹತ್ತಿರವಿರಬೇಕು.

ಬ್ರೋಕರ್ ಫೋನೆತ್ತಿದ ಕೂಡಲೇ ಕೇಳುವುದು ‘ಬಜೆಟ್ ಎಷ್ಟು ಸರ್?’ ಎಂದು. 25 ಎಂದರೆ ವಿಜಯನಗರ ಬಿತ್ತು. ‘ಕಾವೇರಿ ನೀರು ಇರ‍್ಲೇಬೇಕಾ ಸರ್?’ ಹೌದು ಎಂದರೆ ಕೆಂಗೇರಿಯೂ ಬಿತ್ತು. ಉಳಿದದ್ದು ನಾಗರಬಾವಿ. ಟೋಕನ್ ಅಡ್ವಾನ್ಸ್ ಕೊಟ್ಟು ಬರುವುದಷ್ಟೇ ಬಾಕಿ. ಅದೇ ಮಾತುಕತೆಯನ್ನು ಹೋದ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಸುಸ್ತಾದ ಮನೆಯೊಡತಿ ಶುರು ಮಾಡಿದರೆ ಮೊದಲು ನೀರು, ಕೆಂಗೇರಿ ಔಟ್. ಆಮೇಲೆ ಮೆಟ್ರೊ, ನಾಗರಬಾವಿ ಔಟ್. ಉಳಿಯುವುದು ವಿಜಯನಗರ. ‘ಮೂರು ಸಾವಿರ ತಾನೇ, ಹೇಗೋ ಹೊಂದಿಸಿದರಾಯ್ತು’ ಎಂಬ ಮಾತು ತಾನಾಗಿ ಬರುತ್ತದೆ. ದಿನಾ ವೈಟ್‌ಫೀಲ್ಡಿಗೆ ಓಡಾಡುವ ಮಗ ಮೆಟ್ರೊದಿಂದ ಶುರು ಮಾಡಿ, ಎರಡನೆಯದಾಗಿ ಬಾಡಿಗೆ ಕೇಳಿದರೆ ಇಡೀ ಸಂಸಾರ ಕೆಂಗೇರಿಗೆ. ಮನೆಗಳು ಅವೇ, ಷರತ್ತುಗಳೂ ಅವೇ. ಮೂರು ಸರದಿಗೆ ಮೂರು ವಿಳಾಸ.

ಇನ್ನೊಂದು ವಿಷಯವಿದೆ. ಮೂರು ಸಲವೂ ಕೊನೆಗೆ ಉಳಿದ ಮನೆ ಯಾವ ಪ್ರಶ್ನೆಗೆ ಸೋಲುತ್ತಿತ್ತೋ ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಕೇಳುವ ಮೊದಲೇ ಒಂದು ಮನೆ ಉಳಿದಿತ್ತು, ಎಲ್ಲರಿಗೂ ನಿರಾಳವಾಗಿತ್ತು.

ತಲೆಯೊಳಗಿನ ಸರದಿ

ಆಯ್ಕೆಗಳು ಎದುರಿಗೆ ಸಾಲಾಗಿ ನಿಂತಾಗ ಹೀಗಾಗುತ್ತದೆ, ಸರಿ. ಒಂದೇ ವಸ್ತುವಿನ ಬಗ್ಗೆ ಯೋಚಿಸುವಾಗಲೂ ಹೀಗೇ ಆಗುತ್ತದೆಯೇ? ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ಜಾನ್ಸನ್, ಎಲ್ಕೆ ವೆಬರ್ ಮತ್ತು ಅವರ ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ಇದರ ಬೆನ್ನು ಹತ್ತಿದರು. ಅವರ ವಿವರಣೆಗೆ ‘ಕ್ವೆರಿ ಥಿಯರಿ’ ಎಂಬ ಹೆಸರು ಬಂತು. ತಿರುಳು ಇಷ್ಟು: ತೀರ್ಮಾನಕ್ಕೆ ಬರುವ ಮುನ್ನ ಮನಸ್ಸು ತನಗೆ ತಾನೇ ಪ್ರಶ್ನೆ ಹಾಕಿಕೊಳ್ಳುತ್ತದೆ, ಎಲ್ಲವನ್ನೂ ಒಟ್ಟಿಗೆ ಅಲ್ಲ, ಒಂದಾದ ಮೇಲೊಂದು. ಮೊದಲ ಪ್ರಶ್ನೆಗೆ ನೆನಪಿನಿಂದ ಧಾರಾಳವಾಗಿ ಉತ್ತರಗಳು ಬರುತ್ತವೆ. ಆ ಉತ್ತರಗಳನ್ನು ಹೆಕ್ಕುವ ಕೆಲಸವೇ ಅವಕ್ಕೆ ಎದುರಾದ ನೆನಪುಗಳನ್ನು ಸ್ವಲ್ಪ ಹೊತ್ತು ಅದುಮಿಡುತ್ತದೆ. ಎರಡನೆಯ ಪ್ರಶ್ನೆಯ ಸರದಿ ಬಂದಾಗ ಉತ್ತರಗಳು ಕಡಿಮೆ, ಬಂದವೂ ಸಪ್ಪೆ. ತೂಗಿ ನೋಡಿದೆ ಎಂದು ಮನಸ್ಸು ಪ್ರಾಮಾಣಿಕವಾಗಿಯೇ ನಂಬುತ್ತದೆ. ತಕ್ಕಡಿಯ ಒಂದು ತಟ್ಟೆ ಆಗಲೇ ತುಂಬಿಕೊಂಡಿರುತ್ತದೆ.

ಇದಕ್ಕೆ ಅವರು ಆರಿಸಿಕೊಂಡದ್ದು ಕಾಫಿ ಮಗ್ಗನ್ನು. ಮಗ್ಗಿನ ಕಥೆ ಅದಕ್ಕೂ ಹಳೆಯದು. ಕಾನಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಮಗ್ ಪುಕ್ಕಟೆ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದ್ದರು. ಮಗ್ ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದ್ದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ಐದು ನಿಮಿಷದ ಹಿಂದೆ ಕೈಗೆ ಬಂದ ಮಗ್ಗಿನ ಮೇಲೆ ಇಷ್ಟು ಮೋಹವೇ? ಕೈಯಲ್ಲಿದ್ದದ್ದನ್ನು ಬಿಟ್ಟುಕೊಡುವ ಸಂಕಟ ಇದು ಎಂದು ಅರ್ಥಶಾಸ್ತ್ರಜ್ಞರು ವಿವರಿಸಿದರು.

ಜಾನ್ಸನ್ ತಂಡ 2007ರಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡುತ್ತ, ಬೆಲೆ ಹೇಳುವ ಮುನ್ನ ತಲೆಯಲ್ಲಿ ಬಂದದ್ದನ್ನೆಲ್ಲ ಬಂದ ಕ್ರಮದಲ್ಲೇ ಬರೆಯುವಂತೆ ಹೇಳಿತು. ಮಗ್ ಇದ್ದವರು ಮೊದಲು ಬರೆದದ್ದು ಮಗ್ಗಿನ ಗುಣಗಳನ್ನು. ಅದನ್ನು ಕೊಡುವುದರಿಂದ ಸಿಗುವ ಹಣದ ಯೋಚನೆ ಬಂದದ್ದು ಆಮೇಲೆ. ಮಗ್ ಇಲ್ಲದವರು ಇದಕ್ಕೆ ತದ್ವಿರುದ್ಧ. ‘ಮನೆಯಲ್ಲಿ ಬೇಕಾದಷ್ಟು ಲೋಟ ಇವೆ, ಈ ದುಡ್ಡಲ್ಲಿ ಬೇರೇನಾದರೂ ಬರುತ್ತಿತ್ತು’ ಎಂಬ ಧಾಟಿಯ ಯೋಚನೆಗಳೇ ಅವರಿಗೆ ಮೊದಲು ಬಂದವು. ಮುಂದಿನ ಹೆಜ್ಜೆ ನಿಜಕ್ಕೂ ಜಾಣತನದ್ದು. ಮಾರುವವರು ಮೊದಲು ಮಾರಲು ಕಾರಣ ಬರೆಯಬೇಕು, ಇಟ್ಟುಕೊಳ್ಳಲು ಕಾರಣ ಆಮೇಲೆ. ಕೊಳ್ಳುವವರು ಮೊದಲು ಕೊಳ್ಳಲು ಕಾರಣ ಬರೆಯಬೇಕು. ಸರದಿ ತಿರುಗಿಸಿದ್ದಷ್ಟೇ. ಬೆಲೆಗಳ ನಡುವಿನ ಅಂತರ ಹೆಚ್ಚುಕಡಿಮೆ ಕರಗಿಹೋಯಿತು.

ಅಂಥದೇ ಫಲಿತಾಂಶ ಬೇರೆ ಕಡೆಗಳಲ್ಲೂ ಬಂತು. ಇವತ್ತೇ ಸಿಗುವ ಗಿಫ್ಟ್ ವೋಚರ್ ಬೇಕೋ, ಮೂರು ತಿಂಗಳು ಕಾದರೆ ಸಿಗುವ ಹೆಚ್ಚಿನ ಮೊತ್ತದ್ದು ಬೇಕೋ ಎಂದು ಕೇಳಿದಾಗ, ಕಾಯುವುದರ ಲಾಭವನ್ನು ಮೊದಲು ಬರೆದವರಲ್ಲಿ ತಾಳ್ಮೆ ಹೆಚ್ಚಿತು. ಮನೆಗೆ ಯಾವ ಬಲ್ಬ್ ಹಾಕಿಸಬೇಕು ಎಂಬ ಇನ್ನೊಂದು ಅಧ್ಯಯನ 2011ರದು. ಗುತ್ತಿಗೆದಾರ ಆಗಲೇ ಹಾಕಿಟ್ಟಿರುವುದು ಹಳೆಯ ಬುರುಡೆ ಬಲ್ಬೋ ಸಿಎಫ್‌ಎಲ್ಲೋ ಎಂಬುದರ ಮೇಲೆ ಜನ ಯಾವುದರ ಪರ ಮೊದಲು ಯೋಚಿಸುತ್ತಾರೆ ಎಂಬುದು ಬದಲಾಗುತ್ತಿತ್ತು, ಆಯ್ಕೆಯೂ ಅದರ ಹಿಂದೆಯೇ ಹೋಗುತ್ತಿತ್ತು. ಸುಮ್ಮನಿದ್ದರೆ ಏನು ಸಿಗುತ್ತದೋ ಅದರ ವಕೀಲನಿಗೇ ತಲೆಯೊಳಗೆ ಮೊದಲ ವಾದದ ಅವಕಾಶ ಎಂದಾಯಿತು.

2010ರಲ್ಲಿ ಡೇವಿಡ್ ಹಾರ್ಡಿಸ್ಟಿ, ಜಾನ್ಸನ್ ಮತ್ತು ವೆಬರ್ ಪ್ರಕಟಿಸಿದ ಅಧ್ಯಯನದಲ್ಲಿ ರಾಜಕೀಯವೂ ನುಸುಳಿತು. ಎರಡು ವಿಮಾನ ಟಿಕೆಟ್, ಒಂದರ ದರದಲ್ಲಿ ಇಂಗಾಲ ತಗ್ಗಿಸುವ ಕೆಲಸಕ್ಕೆಂದು ಸ್ವಲ್ಪ ಹಣ ಸೇರಿದೆ. ಆ ಹಣಕ್ಕೆ ‘ತೆರಿಗೆ’ ಎಂಬ ಚೀಟಿ ಅಂಟಿಸಿದರೆ ಅಮೆರಿಕದ ರಿಪಬ್ಲಿಕನ್ನರು ಅಗ್ಗದ ಟಿಕೆಟ್ಟಿಗೆ ಹೊರಳಿದರು, ‘ಆಫ್‌ಸೆಟ್’ ಅಂದರೆ ಸರಿದೂಗಿಸುವ ಮೊತ್ತ ಎಂದರೆ ಅಷ್ಟು ತಕರಾರಿಲ್ಲ. ಡೆಮಾಕ್ರಟರಿಗೆ ಎರಡೂ ಒಂದೇ. ತೆರಿಗೆ ಎಂದ ಕೂಡಲೇ ರಿಪಬ್ಲಿಕನ್ನರ ತಲೆಯಲ್ಲಿ ವಿರೋಧದ ಯೋಚನೆಗಳು ಸಾಲಿನ ಮುಂದಕ್ಕೆ ಬಂದು ನಿಲ್ಲುತ್ತಿದ್ದವು. ಪರವಾದ ಯೋಚನೆಗಳನ್ನು ಮೊದಲು ಬರೆಯಿರಿ ಎಂದಾಗ ಆ ಪಕ್ಷಭೇದ ಅಳಿಸಿಹೋಯಿತು. ಬಜೆಟ್ ಭಾಷಣ ಬರೆಯುವವರಿಗೆ ಇದು ಮೊದಲೇ ಗೊತ್ತಿರುತ್ತದೆ ಬಿಡಿ.

ಮಗ್ಗಿನ ಬೆಲೆ ಎಡವಟ್ಟಾದರೆ ಹೋಗುವುದು ನಾಲ್ಕಾರು ಡಾಲರ್. ಜೀವದ ಪ್ರಶ್ನೆಯಲ್ಲಿ?

ಯಾರು ಎಲ್ಲಿ ಕೂರಬೇಕು

ಕ್ರಿ.ಶ. 105. ರೋಮ್‌ನ ಕಾನ್ಸಲ್ ಅಫ್ರೇನಿಯಸ್ ಡೆಕ್ಸ್‌ಟರ್ ಹೆಣವಾಗಿ ಸಿಕ್ಕಿದ. ತಾನೇ ಪ್ರಾಣ ಕಳೆದುಕೊಂಡನೋ, ಅವನ ಸೇವಕರೇ ಕೊಂದರೋ, ಕೊಂದಿದ್ದರೆ ದ್ವೇಷದಿಂದಲೋ ಅವನದೇ ಅಪ್ಪಣೆಯಿಂದಲೋ ತಿಳಿಯಲಿಲ್ಲ. ಅವನ ಬಿಡುಗಡೆಗೊಂಡ ದಾಸರನ್ನು ಏನು ಮಾಡಬೇಕು ಎಂಬ ಪ್ರಶ್ನೆ ಸೆನೆಟ್ಟಿನ ಮುಂದೆ ಬಂತು. ಮೂರು ಅಭಿಪ್ರಾಯ: ಬಿಟ್ಟುಬಿಡಿ, ಗಡೀಪಾರು ಮಾಡಿ, ಕೊಲ್ಲಿಸಿ. ಬಿಟ್ಟುಬಿಡಿ ಎನ್ನುವವರ ಪೈಕಿ ಮುಂದಾಳು ಸೆನೆಟರ್ ಕಿರಿಯ ಪ್ಲಿನಿ. ಆ ದಿನದ ಕಥೆಯನ್ನು ಅವನು ಕಾನೂನು ಪಂಡಿತ ಟೈಟಿಯಸ್ ಅರಿಸ್ಟೊಗೆ ಪತ್ರದಲ್ಲಿ ವಿವರವಾಗಿ ಬರೆದು, ತಾನು ಮಾಡಿದ್ದು ಸರಿಯೇ ಎಂದು ಕೇಳಿದ. ಆ ಪತ್ರ ಇವತ್ತಿಗೂ ಉಳಿದಿದೆ.

ಮೂರು ಗುಂಪುಗಳಲ್ಲಿ ಬಿಡುಗಡೆಯ ಗುಂಪೇ ದೊಡ್ಡದು, ಆದರೆ ಉಳಿದೆರಡೂ ಸೇರಿದರೆ ಅವರ ಕೈ ಮೇಲಾಗುತ್ತಿತ್ತು. ರೋಮನ್ ಸೆನೆಟ್ಟಿನಲ್ಲಿ ಮತ ಹಾಕುವುದೆಂದರೆ ಎದ್ದು ಹೋಗಿ ತಮಗೆ ಒಪ್ಪಿಗೆಯಾದವರ ಪಕ್ಕ ಕೂರುವುದು. ‘ಶಿಕ್ಷೆ ಬೇಕೋ ಬೇಡವೋ’ ಎಂಬುದನ್ನು ಮೊದಲು ಕೇಳಿದರೆ ಗಡೀಪಾರಿನವರೂ ಮರಣದಂಡನೆಯವರೂ ಒಂದೇ ಕಡೆ ಕೂರುತ್ತಾರೆ, ಪ್ಲಿನಿ ಸೋಲುತ್ತಾನೆ. ಮೂರನ್ನೂ ಒಟ್ಟಿಗೆ ಇಟ್ಟು ಮೂರು ಕಡೆ ಕೂರಿಸಿದರೆ ಅವನ ಗುಂಪೇ ದೊಡ್ಡದು. ಹಾಗಾಗಿ ಅವನು ಪಟ್ಟು ಹಿಡಿದ: ಕೊಲ್ಲಿ ಎನ್ನುವವರಿಗೂ ಗಡೀಪಾರು ಮಾಡಿ ಎನ್ನುವವರಿಗೂ ನಡುವೆ ಇರುವುದು ಜೀವದಷ್ಟು ಅಂತರ, ಈಗ ಪಕ್ಕಪಕ್ಕ ಕೂತು ನನ್ನನ್ನು ಸೋಲಿಸಿ ಆಮೇಲೆ ತಮ್ಮತಮ್ಮಲ್ಲಿ ಜಗಳವಾಡುವುದು ಯಾವ ನ್ಯಾಯ?

ವಾದದಲ್ಲಿ ಪ್ಲಿನಿ ಗೆದ್ದ. ಮೂರು ಗುಂಪು ಬೇರೆಬೇರೆ ಕೂರಬೇಕೆಂದಾಯಿತು. ಆಗ ಮರಣದಂಡನೆಯ ಮುಂದಾಳು ಲೆಕ್ಕ ಹಾಕಿದ. ಹೀಗೇ ಬಿಟ್ಟರೆ ಇವರು ಬಿಡುಗಡೆಯಾಗಿಬಿಡುತ್ತಾರೆ ಎಂದು ತನ್ನ ಸಲಹೆಯನ್ನೇ ಕೈಬಿಟ್ಟು ಗಡೀಪಾರಿನವರ ಜೊತೆ ಹೋಗಿ ಕೂತ. ಅವನ ಹಿಂದಿದ್ದವರೂ ಎದ್ದು ಹೋದರು. ಮೂರು ಬಣ ಎರಡಾಯಿತು. ಸರದಿಯನ್ನು ತನಗೆ ಬೇಕಾದಂತೆ ಬದಲಿಸುವ ಜಾಣನ ಎದುರಿಗೆ ಆ ಸರದಿಯನ್ನು ಓದಬಲ್ಲ ಇನ್ನೊಬ್ಬ ಜಾಣನಿದ್ದ. 1969ರಲ್ಲಿ ರಾಬಿನ್ ಫಾರ್ಕರ್‌ಸನ್ ಮತದಾನದ ಗಣಿತದ ಬಗ್ಗೆ ಪುಸ್ತಕ ಬರೆದಾಗ ಈ ಪತ್ರವನ್ನೇ ಮುಂದಿಟ್ಟುಕೊಂಡು ಶುರು ಮಾಡಿದ.

ಅಮೆರಿಕದ ಮೈಕೆಲ್ ಲೆವಿನ್ ಮತ್ತು ಚಾರ್ಲ್ಸ್ ಪ್ಲಾಟ್ 1970ರ ದಶಕದಲ್ಲಿ ಸರದಿಯ ಈ ಆಟವನ್ನು ಪ್ರಯೋಗವಾಗಿಯೇ ಮಾಡಿ ನೋಡಿದರು. ಲೆವಿನ್ ಸದಸ್ಯರಾಗಿದ್ದ ವಿಮಾನ ಹಾರಾಟದ ಕ್ಲಬ್ಬು ಹೊಸ ವಿಮಾನಗಳನ್ನು ಕೊಳ್ಳಬೇಕಿತ್ತು. ಎಷ್ಟು, ಯಾವ ಬಗೆಯವು ಎಂಬುದರ ಮೇಲೆ ಮತ ಹಾಕಬೇಕಿತ್ತು. ಕಾರ್ಯಸೂಚಿ ಸಿದ್ಧಪಡಿಸುವ ಹೊಣೆ ಲೆವಿನ್ ಕಡೆಗೆ ಬಂತು. ಅವರು ಪ್ರಶ್ನೆಯನ್ನು ಒಡೆದು, ಒಂದರ ಹಿಂದೊಂದಾಗಿ ಜೋಡಿಸಿದರು. ಕ್ಲಬ್ಬು ಅವರಿಗೆ ಬೇಕಿದ್ದ ವಿಮಾನಗಳನ್ನೇ ಆರಿಸಿತು. ಇಬ್ಬರೂ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ನಮ್ಮ ಕಡೆಯ ಸಹಕಾರ ಸಂಘಗಳಲ್ಲಿ ಪಳಗಿದ ಕಾರ್ಯದರ್ಶಿಗಳು ಇದನ್ನು ವಾರ್ಷಿಕ ಸಭೆಯ ನೋಟಿಸಿನಲ್ಲೇ ಮಾಡಿ ಮುಗಿಸುತ್ತಾರೆ, ಪ್ರಬಂಧ ಬರೆಯುವುದಿಲ್ಲ ಅಷ್ಟೆ.

ಕಾರಣ ಕೊಡುವ ಹೊಣೆ ಯಾರದು

ಭಾರತದ ಕೋರ್ಟುಗಳಲ್ಲಿ ಯೋಚನೆಯ ಸರದಿ ಕಾನೂನಿನಲ್ಲೇ ಬರೆದಿಟ್ಟಿದೆ, ಮತ್ತು ಅದು ಕಾಲಕಾಲಕ್ಕೆ ಬದಲಾಗಿದೆ. ಕೊಲೆ ಅಪರಾಧಕ್ಕೆ ಮರಣದಂಡನೆ ಅಥವಾ ಜೀವಾವಧಿ, ಎರಡರಲ್ಲಿ ಒಂದು. 1898ರ ದಂಡ ಪ್ರಕ್ರಿಯಾ ಸಂಹಿತೆಯ 367(5)ನೇ ಕಲಮಿನ ಪ್ರಕಾರ ನ್ಯಾಯಾಧೀಶರು ಮರಣದಂಡನೆ ಕೊಡದಿದ್ದರೆ ಏಕೆ ಕೊಡಲಿಲ್ಲ ಎಂದು ಕಾರಣ ಬರೆಯಬೇಕಿತ್ತು. ಗಲ್ಲು ಸಾಮಾನ್ಯ ನಿಯಮ, ಉಳಿಸುವುದಕ್ಕೆ ವಿವರಣೆ ಬೇಕು ಎಂದರ್ಥ. 1955ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. 1973ರ ಹೊಸ ಸಂಹಿತೆ ಪೂರ್ತಿ ತಿರುಗಿಸಿಟ್ಟಿತು: ಗಲ್ಲಿಗೆ ಹಾಕಬೇಕಾದರೆ ‘ವಿಶೇಷ ಕಾರಣ’ ಬರೆಯಬೇಕೆಂದು ಅದರ 354(3)ನೇ ಕಲಮು ಹೇಳಿತು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇನ್ನಷ್ಟು ಬಿಗಿ ಮಾಡಿ, ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದಿತು.

ಎರಡು ಆಯ್ಕೆಗಳು ಆಗಲೂ ಇದ್ದವು, ಈಗಲೂ ಇವೆ. ಬದಲಾದದ್ದು ನ್ಯಾಯಾಧೀಶರ ತಲೆಯಲ್ಲಿ ಯಾವ ಪ್ರಶ್ನೆ ಮೊದಲು ಏಳಬೇಕು ಎಂಬುದು. ‘ಇವನನ್ನು ಏಕೆ ಉಳಿಸಬೇಕು’ ಎಂದು ಶುರು ಮಾಡುವುದಕ್ಕೂ ‘ಏಕೆ ಕೊಲ್ಲಬೇಕು’ ಎಂದು ಶುರು ಮಾಡುವುದಕ್ಕೂ ಇರುವ ವ್ಯತ್ಯಾಸ ಮಗ್ಗಿನ ಪ್ರಯೋಗ ಮಾಡುವವರಿಗಿಂತ ಮುಂಚೆಯೇ ಶಾಸನ ಬರೆದವರಿಗೆ ಹೊಳೆದಿತ್ತು.

ಆದರೂ ಒಂದು ತೊಡಕು ಉಳಿಯಿತು. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕೆಂದು 1973ರ ಸಂಹಿತೆಯ 235(2)ನೇ ಕಲಮು ಹೇಳಿತು. ಒಳ್ಳೆಯ ಉದ್ದೇಶ. ಆದರೆ ಕೃತ್ಯ ಎಷ್ಟು ಕ್ರೂರ ಎಂಬ ಸಾಕ್ಷ್ಯ ವಿಚಾರಣೆಯ ಮೊದಲ ದಿನದಿಂದ ಕಡತದಲ್ಲಿ ಕೂತಿರುತ್ತದೆ. ಫೋಟೊ, ಮರಣೋತ್ತರ ವರದಿ, ಕಂಡವರ ಹೇಳಿಕೆ, ಎಲ್ಲವೂ. ಅಪರಾಧಿಯ ಬಾಲ್ಯ, ಬಡತನ, ಮಾನಸಿಕ ಸ್ಥಿತಿ, ಸುಧಾರಿಸುವ ಸಾಧ್ಯತೆ, ಇವು ಬರುವುದು ತಪ್ಪಿತಸ್ಥ ಎಂದಾದ ಮೇಲೆ, ಕೆಲವೊಮ್ಮೆ ಅದೇ ದಿನ ಮಧ್ಯಾಹ್ನ. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಅಸಮಾನತೆಯನ್ನು ತಾನೇ ಎತ್ತಿ ಹೇಳಿ, ವಿಷಯವನ್ನು ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಮನೋಜ್ ಪ್ರಕರಣದ ತೀರ್ಪಿನಲ್ಲಿ, ಶಿಕ್ಷೆ ತಗ್ಗಿಸಬಹುದಾದ ಮಾಹಿತಿಯನ್ನು ವಿಚಾರಣೆಯ ಹಂತದಲ್ಲೇ ತರಿಸಿಕೊಳ್ಳಬೇಕೆಂದು ಕೋರ್ಟ್ ಸೂಚಿಸಿತ್ತು. ಎರಡನೆಯ ತಟ್ಟೆಗೂ ಹೊತ್ತಿಗೆ ಸರಿಯಾಗಿ ಏನಾದರೂ ಬೀಳಲಿ ಎಂಬ ಪ್ರಯತ್ನವಿದು.

ಒಂದು ಹಾಳೆ, ನಡುವೆ ಗೆರೆ

ಬೆಂಜಮಿನ್ ಫ್ರಾಂಕ್ಲಿನ್‌ಗೆ ಸರದಿಯ ಈ ಸಮಸ್ಯೆ 1772ರಲ್ಲೇ ಗೊತ್ತಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಾದ್ರಿಯಾಗಿದ್ದ ಜೋಸೆಫ್ ಪ್ರೀಸ್ಟ್ಲಿಗೆ ಲಾರ್ಡ್ ಶೆಲ್ಬರ್ನ್ ಒಂದು ಕೆಲಸ ಕೊಡುವುದಾಗಿ ಹೇಳಿದ್ದ. ಹೋಗಲೋ ಬೇಡವೋ ಎಂದು ಪ್ರೀಸ್ಟ್ಲಿ ಸ್ನೇಹಿತನನ್ನು ಕೇಳಿದ. ಸೆಪ್ಟೆಂಬರ್ 19ರಂದು ಬರೆದ ಉತ್ತರದಲ್ಲಿ ಫ್ರಾಂಕ್ಲಿನ್ ಏನು ಮಾಡಬೇಕೆಂದು ಹೇಳಲಿಲ್ಲ, ಹೇಗೆ ಮಾಡಬೇಕೆಂದು ಹೇಳಿದ. ಕಷ್ಟದ ತೀರ್ಮಾನಗಳು ಕಷ್ಟವಾಗುವುದು ಪರ ವಿರೋಧದ ಕಾರಣಗಳು ಒಂದೇ ಹೊತ್ತಿಗೆ ಮನಸ್ಸಿಗೆ ಬಾರದೆ ಇರುವುದರಿಂದ. ಒಮ್ಮೆ ಇವು, ಒಮ್ಮೆ ಅವು, ಇವು ಬಂದಾಗ ಅವು ಮರೆಗೆ ಸರಿದಿರುತ್ತವೆ ಎಂಬುದು ಅವನ ವಿಶ್ಲೇಷಣೆ. ಇನ್ನೂರಕ್ಕೂ ಹೆಚ್ಚು ವರ್ಷದ ಆಮೇಲೆ ಕೊಲಂಬಿಯಾದ ಸಂಶೋಧಕರು ಅಳೆದು ತೋರಿಸಿದ್ದು ಇದನ್ನೇ.

ಅವನ ಉಪಾಯವೆಂದರೆ ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಬರೆಯುವುದು. ಇದು ಎಲ್ಲರಿಗೂ ಗೊತ್ತು, ಈಗ ಶಾಲೆಯಲ್ಲೂ ಕಲಿಸುತ್ತಾರೆ. ಜನ ಮರೆಯುವುದು ಅದರ ಮುಖ್ಯ ಭಾಗವನ್ನು. ಕೂತಲ್ಲೇ ಬರೆದು ಮುಗಿಸಬಾರದು, ಮೂರು ನಾಲ್ಕು ದಿನ ಹೊಳೆದಾಗ ಹೊಳೆದದ್ದನ್ನು ಟಿಪ್ಪಣಿ ಮಾಡುತ್ತಿರಬೇಕು. ಆಮೇಲೆ ಸಮತೂಕದ ಕಾರಣಗಳನ್ನು ಎರಡೂ ಕಡೆಯಿಂದ ಹೊಡೆದುಹಾಕಬೇಕು, ಅದಾದ ಮೇಲೂ ಒಂದೆರಡು ದಿನ ಕಾಯಬೇಕು. ಒಂದೇ ಸಲ ಕೂತು ಬರೆದ ಪಟ್ಟಿಯಲ್ಲಿ ಮೊದಲ ಅಂಕಣವೇ ಗೆಲ್ಲುವ ಅಪಾಯವಿದೆ. ದಿನ ಬಿಟ್ಟು ಬರೆದರೆ ಪ್ರತಿ ದಿನವೂ ಬೇರೆ ಯೋಚನೆಗೆ ಮೊದಲ ಸರದಿ ಸಿಗುತ್ತದೆ. ಪ್ರೀಸ್ಟ್ಲಿ ಕೊನೆಗೆ ಹೋದ. ಶೆಲ್ಬರ್ನನ ಬೋವುಡ್ ಮನೆಯಲ್ಲೇ 1774ರ ಆಗಸ್ಟಿನಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ.

ಹೀಗೆ ದಿನಗಟ್ಟಲೆ ಕಾದು ನೋಡದೆ ಪಟ್ಟಿ ಬರೆದವನ ಉದಾಹರಣೆಯೂ ಇದೆ, ಅವನ ಹೆಸರು ಚಾರ್ಲ್ಸ್ ಡಾರ್ವಿನ್. 1838ರಲ್ಲಿ ಮದುವೆಯಾಗಲೋ ಬೇಡವೋ ಎಂದು ಹಾಳೆಯಲ್ಲಿ ಎರಡು ಅಂಕಣ ಮಾಡಿಕೊಂಡ. ಎಡಗಡೆ ಮದುವೆ: ಮಕ್ಕಳು, ವಯಸ್ಸಾದಾಗ ಜೊತೆ, ನಾಯಿಗಿಂತ ಮೇಲಾದ ಸಂಗಾತಿ, ಮನೆ ನೋಡಿಕೊಳ್ಳುವವಳು. ಬಲಗಡೆ ಬ್ರಹ್ಮಚರ್ಯ: ಬೇಕೆಂದಲ್ಲಿಗೆ ಹೋಗುವ ಸ್ವಾತಂತ್ರ್ಯ, ಕ್ಲಬ್ಬಿನಲ್ಲಿ ಜಾಣರ ಮಾತು, ನೆಂಟರ ಮನೆಗೆ ಹೋಗುವ ಕಾಟವಿಲ್ಲ, ಪುಸ್ತಕಕ್ಕೆ ಹಣ. ತೀರ್ಮಾನವನ್ನು ಎಡಗಡೆಯ ಅಂಕಣದ ಕೊನೆಯಲ್ಲೇ, ಗಣಿತದ ಪ್ರಮೇಯ ಸಾಧಿಸಿದವನ ಗತ್ತಿನಲ್ಲಿ ಬರೆದುಬಿಟ್ಟ. ಹಾಳೆ ತಿರುಗಿಸಿದರೆ ಮುಂದಿನ ಪ್ರಶ್ನೆ: ಬೇಗನೋ ತಡವಾಗಿಯೋ? ಅಲ್ಲಿ ಬರುತ್ತವೆ ನಿಜವಾದ ದುಃಖಗಳು. ಇನ್ನು ಫ್ರೆಂಚ್ ಕಲಿಯುವ ಹಾಗಿಲ್ಲ, ಅಮೆರಿಕ ನೋಡುವ ಹಾಗಿಲ್ಲ, ಬಲೂನಿನಲ್ಲಿ ಹಾರುವ ಹಾಗಿಲ್ಲ! ತೀರ್ಪು ಬರೆದಾದ ಮೇಲೆ ಬಂದ ಈ ಆಕ್ಷೇಪಣೆಗಳಿಗೆ ಸಮಾಧಾನದ ಎರಡು ಮಾತು ಬಿಟ್ಟರೆ ಬೇರೇನೂ ಸಿಗಲಿಲ್ಲ. 1839ರ ಜನವರಿ 29ರಂದು ಎಮ್ಮಾ ವೆಜ್‌ವುಡ್ ಜೊತೆ ಮದುವೆಯಾಯಿತು. ಹತ್ತು ಮಕ್ಕಳಾದವು. ಡಾರ್ವಿನ್ ಪಶ್ಚಾತ್ತಾಪಪಟ್ಟದ್ದಕ್ಕೆ ದಾಖಲೆಯಿಲ್ಲ ಎನ್ನುವುದನ್ನೂ ಹೇಳಬೇಕು. ಸರದಿ ಕೆಟ್ಟಿದ್ದರೂ ತೀರ್ಮಾನ ಒಳ್ಳೆಯದೇ ಆಗಬಹುದು.

ಆಪ್ಷನ್ ಎಂಟ್ರಿಯ ದಿನಗಳು

ಕರ್ನಾಟಕದಲ್ಲಿ ಪ್ರತಿ ವರ್ಷ ಸಾವಿರಾರು ಮನೆಗಳು ಎಂಜಿನಿಯರಿಂಗ್‌ನಂಥ ಕೋರ್ಸುಗಳ ಸೀಟಿಗಾಗಿ ಆಯ್ಕೆಗಳನ್ನು ಸಾಲಾಗಿ ಬರೆದು ಸರ್ಕಾರದ ಕಂಪ್ಯೂಟರಿಗೆ ಒಪ್ಪಿಸುತ್ತವೆ. ಸಿಇಟಿ ರ‍್ಯಾಂಕ್ ಬಂದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಆಪ್ಷನ್ ಎಂಟ್ರಿ. ಕಾಲೇಜು ಮತ್ತು ಕೋರ್ಸ್ ಸೇರಿ ಒಂದು ಆಪ್ಷನ್, ಅವುಗಳಿಗೆ 1, 2, 3 ಎಂದು ಆದ್ಯತೆ. ಸೀಟು ಹಂಚುವಾಗ ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತ ಬರುತ್ತದೆ. ಮೊದಲು ಯಾವುದು ಖಾಲಿ ಸಿಗುತ್ತದೋ ಅದನ್ನೇ ಕೊಡುತ್ತದೆ. ಅದರ ಕೆಳಗಿನವು ಅಲ್ಲಿಗೆ ಮುಗಿದವು. ಯಂತ್ರಕ್ಕೆ ಬೇರೆ ಯೋಚನೆಯಿಲ್ಲ. ಯೋಚನೆಯೆಲ್ಲ ನಡೆಯಬೇಕಾದದ್ದು ಮನೆಯಲ್ಲಿ.

ನಡೆಯುವುದು ಹೇಗೆ? ಶಿವಮೊಗ್ಗದ ಒಂದು ಮನೆ ಎಂದುಕೊಳ್ಳಿ. ‘ಮೊದ್ಲು ಎಲ್ಲಾ ಕಾಲೇಜಿನ ಕಂಪ್ಯೂಟರ್ ಸೈನ್ಸೂ ಹಾಕ್ಬಿಡು ಪುಟ್ಟಿ, ಬೇರೆದ್ದು ಆಮೇಲೆ ನೋಡೋಣ’ ಎನ್ನುತ್ತಾರೆ ಅಪ್ಪ. ‘ಹಾಸ್ಟೆಲ್ ಇದ್ಯಾ ಅಂತ ಮೊದ್ಲು ನೋಡ್ರೀ’ ಎಂದು ಅಮ್ಮ. ‘ಅಪ್ಪಾ, ಯುವಿಸಿಇ ಸಿಗೋದಾದ್ರೆ ನಂಗೆ ಸಿವಿಲ್ ಆದ್ರೂ ಓಕೆ’ ಎಂದು ಮಗಳು. ಮೂವರದೂ ಮೂರು ಮೊದಲ ಪ್ರಶ್ನೆ: ಕೋರ್ಸು, ಹಾಸ್ಟೆಲ್, ಕಾಲೇಜು. ಮೌಸ್ ಹಿಡಿದವರ ಪ್ರಶ್ನೆ ಪಟ್ಟಿಯಾಗುತ್ತದೆ. ಅಪ್ಪನ ಮಾತಿನಂತೆ ಬರೆದರೆ ಹೆಸರೇ ಕೇಳದ ಇಪ್ಪತ್ತನೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್, ನೂರು ವರ್ಷ ದಾಟಿದ, ಬೆಂಗಳೂರಿನ ಯುವಿಸಿಇಯ ಸಿವಿಲ್‌ಗಿಂತ ಮೇಲೆ ಬಂದು ಕೂರುತ್ತದೆ. ಇವೆರಡನ್ನೇ ಎದುರುಬದುರು ಇಟ್ಟು ‘ಯಾವುದು ಬೇಕು’ ಎಂದು ಆ ಮನೆಯಲ್ಲಿ ಯಾರೂ ಕೇಳಿರುವುದಿಲ್ಲ. ಅಪ್ಪನ ಆಸೆಯಲ್ಲಿ ತಪ್ಪೇನಿಲ್ಲ, ಇಪ್ಪತ್ತನೆಯದನ್ನೇ ಆರಿಸಲೂಬಹುದು. ಕೇಳದೆಯೇ ಅದು ತೀರ್ಮಾನವಾಗಿಬಿಟ್ಟದ್ದು ಮಾತ್ರ ತಪ್ಪು.

ಇನ್ನೊಂದು ಸಾಮಾನ್ಯ ಎಡವಟ್ಟು ‘ಏನು ಸಿಗಬಹುದು’ ಎಂಬುದರಿಂದ ಶುರು ಮಾಡುವುದು. ಹಿಂದಿನ ವರ್ಷದ ಕಟ್ ಆಫ್ ಪಟ್ಟಿ ಮುಂದಿಟ್ಟುಕೊಂಡು, ಸಿಗಲಾರದ್ದು ಎನ್ನಿಸಿದ್ದನ್ನೆಲ್ಲ ಮೊದಲೇ ಹೊಡೆದುಹಾಕಿ, ಖಂಡಿತ ಸಿಗುವುದನ್ನು ಮೇಲೆ ಬರೆಯುತ್ತಾರೆ. ಸಿಗಲಾರದ್ದನ್ನು ಒಂದನೆಯದಾಗಿ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ, ಕಂಪ್ಯೂಟರ್ ಅದನ್ನು ದಾಟಿ ಎರಡನೆಯದಕ್ಕೆ ಹೋಗುತ್ತದೆ. ಖಂಡಿತ ಸಿಗುವುದನ್ನು ಮೇಲೆ ಬರೆದರೆ ಅದೇ ಸಿಗುತ್ತದೆ, ಉಳಿದವು ಹೋದವು. ಸೀಟು ಬಂದ ಮೇಲೆ, ಅದನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಹೋಗುವ ‘ಚಾಯ್ಸ್ 2’ ಒತ್ತಿದರೂ ಸಿಗಬಹುದಾದದ್ದು ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದದ್ದು ಮಾತ್ರ. ‘ಏನು ಬೇಕು’ ಎಂಬುದು ಮೊದಲು ಬರಬೇಕು. ‘ಏನು ಸಿಗಬಹುದು’ ಎಂಬುದನ್ನು ಪಟ್ಟಿ ಸಾಕಷ್ಟು ಉದ್ದವಾಗಿದೆಯೇ ಎಂದು ನೋಡಲು ಬಳಸಿದರೆ ಸಾಕು.

ಸಿಇಟಿ ವ್ಯವಸ್ಥೆಯನ್ನು ಬೈಯುವವರು ಬೇಕಾದಷ್ಟಿದ್ದಾರೆ. ಆದರೆ ಅದರಲ್ಲಿ ಫ್ರಾಂಕ್ಲಿನ್ ಮೆಚ್ಚುವಂಥ ಒಂದು ಅಂಶವಿದೆ, ಅಣಕು ಸೀಟು ಹಂಚಿಕೆ. ನಿಜವಾದ ಹಂಚಿಕೆಗೆ ಮುನ್ನ, ಈಗಿನ ಪಟ್ಟಿಗೆ ಯಾವ ಸೀಟು ಸಿಗಬಹುದಿತ್ತು ಎಂದು ಕೆಇಎ ತೋರಿಸುತ್ತದೆ. ಆಮೇಲೆ ಆಪ್ಷನ್‌ಗಳನ್ನು ಸೇರಿಸಲು, ತೆಗೆಯಲು, ಮೇಲೆ ಕೆಳಗೆ ಮಾಡಲು ಕೆಲವು ದಿನ ಅವಕಾಶ ಕೊಡುತ್ತದೆ. ಹೆಚ್ಚಿನವರು ಅಣಕು ಫಲಿತಾಂಶ ನೋಡಿ ಹಿಗ್ಗಿಯೋ ಕುಗ್ಗಿಯೋ ಸುಮ್ಮನಾಗುತ್ತಾರೆ.

ಈ ವರ್ಷ ಮನೆಯಲ್ಲಿ ಸಿಇಟಿ ಬರೆದ ಮಕ್ಕಳಿದ್ದರೆ ಆ ದಿನಗಳಲ್ಲಿ ಒಂದು ಕೆಲಸ ಮಾಡಿ. ಪಟ್ಟಿಯನ್ನು ಪ್ರಿಂಟ್ ತೆಗೆದು, ಅದರಲ್ಲಿ ಕೋರ್ಸ್ ಬದಲಾಗುವ ಜಾಗ ಹುಡುಕಿ. ಮೇಲಿನ ಕೋರ್ಸಿನ ಕೊನೆಯ ಕಾಲೇಜು, ಕೆಳಗಿನ ಕೋರ್ಸಿನ ಮೊದಲ ಕಾಲೇಜು, ಇವೆರಡನ್ನು ಮಾತ್ರ ಬೇರೆ ಚೀಟಿಯಲ್ಲಿ ಬರೆದು ಮಗುವಿನ ಮುಂದಿಡಿ. ಆಗ ಮೊದಲ ಮಾತು ಅಪ್ಪ ಅಮ್ಮ ಆಡುವುದು ಬೇಡ. ಕೊನೆಯ ದಿನಾಂಕ ದಾಟಿದ ಮೇಲೆ ಪಟ್ಟಿಯನ್ನು ತಿದ್ದಲು ಬರುವುದಿಲ್ಲ.